ಹೆಸರಿಗೆ ಮೊದಲು ಸಂಖ್ಯೆ: ಅಕ್ವೇರಿಯಂ ಕ್ಯಾಟ್‌ಫಿಶ್‌ಗಳನ್ನು ಗುರುತಿಸಿದ ಚರಿತ್ರೆ

ಅಕ್ವೇರಿಯಂಗಳಲ್ಲಿ ಸಾಕುವ ಸಿಹಿನೀರಿನ ಮೀನುಗಳಲ್ಲಿ ದಕ್ಷಿಣ ಅಮೆರಿಕದ ಲೊರಿಕಾರಿಡೆ ಕುಟುಂಬದ ಕ್ಯಾಟ್‌ಫಿಶ್‌ಗಳಷ್ಟು ಪ್ರಭೇದ ನಿರ್ಣಯಕ್ಕೆ ಸವಾಲಾದ ಗುಂಪುಗಳು ವಿರಳ. ಹುರುಪೆಯ ಬದಲು ಎಲುಬಿನ ಫಲಕಗಳನ್ನು ಹೊದ್ದಿರುವ, ತಲೆಯ ಅಡಿಯಲ್ಲಿ ಬಂಡೆಗೆ ಕಚ್ಚಿ ನಿಲ್ಲುವ ಹೀರುಬಾಯಿಯುಳ್ಳ ಈ ಮೀನುಗಳದು ಕ್ಯಾಟ್‌ಫಿಶ್‌ಗಳಲ್ಲೇ ಅತಿ ದೊಡ್ಡ ಕುಟುಂಬ. ವಿಜ್ಞಾನಿಗಳು ವಿವರಿಸಿರುವ ಪ್ರಭೇದಗಳೇ ಸಾವಿರವನ್ನು ಮೀರುತ್ತವೆ. ಎಳೆಯ ಮೀನಿನ ಬಣ್ಣ ಬೆಳೆದ ಮೀನಿನಲ್ಲಿ ಉಳಿಯುವುದಿಲ್ಲ, ಒಂದೇ ಪ್ರಭೇದದ ಚುಕ್ಕೆಗಳು ಒಂದು ನದಿಯ ಎರಡು ತಾಣಗಳಲ್ಲಿ ಬೇರೆಬೇರೆಯಾಗಿರುತ್ತವೆ, ಬೇರೆ ಪ್ರಭೇದಗಳು ಒಂದೇ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ.

ಲಿನೇಯಸ್ 1758ರಲ್ಲಿ ಈ ಗುಂಪಿನ ಒಂದು ಮೀನಿಗೆ ಪ್ಲೆಕೊಸ್ಟೊಮಸ್ ಎಂಬ ಹೆಸರು ಕೊಟ್ಟನು. ಇಂದು ಅದು ಹೈಪೊಸ್ಟೊಮಸ್ ಕುಲದಲ್ಲಿದೆ. ಮೀನು ವ್ಯಾಪಾರವು ಆ ಹೆಸರನ್ನು 'ಪ್ಲೆಕೊ' ಎಂದು ಮೊಟಕುಗೊಳಿಸಿ ಇಡೀ ಕುಟುಂಬಕ್ಕೆ ಹಂಚಿಬಿಟ್ಟಿತು. ಇದರಿಂದಾಗಿ ಅಂಗಡಿಗಳಲ್ಲಿ ಸಾಮಾನ್ಯ ಪ್ಲೆಕೊ ಎಂದು ಮಾರಾಟವಾಗುವ ಮೀನು ಬಹುಪಾಲು ಹೈಪೊಸ್ಟೊಮಸ್ ಆಗಿರದೆ ಟೆರಿಗೊಪ್ಲಿಕ್ತಿಸ್ ಎಂಬ ಮತ್ತೊಂದು ಕುಲದ್ದಾಗಿರುತ್ತದೆ. ಎರಡನ್ನೂ ಬೇರ್ಪಡಿಸುವ ಲಕ್ಷಣ ಬೆನ್ನಿನ ಈಜುರೆಕ್ಕೆಯಲ್ಲಿದೆ: ಆ ರೆಕ್ಕೆಯನ್ನು ಎತ್ತಿಹಿಡಿಯುವ ಕಡ್ಡಿಗಳಲ್ಲಿ ಮುಂದಿನ ಗಟ್ಟಿ ಮುಳ್ಳನ್ನು ಬಿಟ್ಟು ಹೈಪೊಸ್ಟೊಮಸ್‌ನಲ್ಲಿ ಸಾಮಾನ್ಯವಾಗಿ 7 ಇದ್ದರೆ ಟೆರಿಗೊಪ್ಲಿಕ್ತಿಸ್‌ನಲ್ಲಿ 9 ಅಥವಾ ಅದಕ್ಕೂ ಹೆಚ್ಚು ಇರುತ್ತವೆ. ಇಷ್ಟು ಸರಳವಾದ ಎಣಿಕೆಯನ್ನು ಮಾಡುವವರು ಕಡಿಮೆ. ಭಾರತದ ಅಂಗಡಿಗಳಲ್ಲಿ 'ಟ್ಯಾಂಕ್ ಕ್ಲೀನರ್' ಅಥವಾ 'ಸಕ್ಕರ್ ಫಿಶ್' ಎಂಬ ಹೆಸರಿನಲ್ಲಿ ಬೆರಳುದ್ದದ ಮರಿಯಾಗಿ ಮಾರಾಟವಾಗುವ ಟೆರಿಗೊಪ್ಲಿಕ್ತಿಸ್ ಒಂದು ಅಡಿಯನ್ನೂ ಮೀರಿ ಬೆಳೆದು, ತೊಟ್ಟಿಯಲ್ಲಿ ಹಿಡಿಸದೆ ಕೆರೆಕಾಲುವೆಗಳ ಪಾಲಾಗಿ, ಕೇರಳ, ತಮಿಳುನಾಡು, ಆಂಧ್ರಪ್ರದೇಶಗಳ ನೀರಿನಲ್ಲಿ ನೆಲೆಯೂರಿದೆ. ಕೊಂಡ ಮೀನು ಯಾವುದು, ಎಷ್ಟು ಬೆಳೆಯುತ್ತದೆ ಎಂಬುದನ್ನು ಅಂಗಡಿಯ ಹೆಸರು ಹೇಳದಿದ್ದುದೂ ಇದಕ್ಕೆ ಒಂದು ಕಾರಣ.

ಗೊಂದಲ ನಿಜವಾಗಿ ಬೆಳೆದದ್ದು 1980ರ ದಶಕದಲ್ಲಿ. ಅದರ ಹಿಂದಿನ ದಶಕದಲ್ಲಿ ನಿರ್ಮಾಣವಾದ ಟ್ರಾನ್ಸ್-ಅಮೆಜಾನ್ ಹೆದ್ದಾರಿ ಬ್ರೆಜಿಲ್‌ನ ಶಿಂಗು ನದಿಯ ದಡದ ಅಲ್ತಮೀರಾ ಪಟ್ಟಣವನ್ನು ಹೊರಗಿನೊಡನೆ ಜೋಡಿಸಿತ್ತು. ರಭಸದ ಹರಿವಿನ ನಡುವೆ ಬಂಡೆಗಳ ಸಂದುಗಳಲ್ಲಿ ಅಡಗುವ, ಅದುವರೆಗೆ ಹೊರಗಿನವರು ಕಂಡಿರದ ಮೀನುಗಳು ಅಲ್ಲಿಂದ ಯೂರೋಪಿನ, ಮುಖ್ಯವಾಗಿ ಜರ್ಮನಿಯ, ಆಮದುದಾರರ ತೊಟ್ಟಿಗಳಿಗೆ ಬರತೊಡಗಿದವು. ಅವುಗಳಿಗೆ ಶಾಸ್ತ್ರೀಯ ಹೆಸರಿರಲಿಲ್ಲ. ಹೊಸ ಪ್ರಭೇದವೊಂದಕ್ಕೆ ಹೆಸರಿಡಬೇಕಾದರೆ ಅದರ ಒಂದು ಪ್ರತಿಯನ್ನು ಪ್ರಮಾಣಮಾದರಿಯಾಗಿ, ಅಂದರೆ ಆ ಹೆಸರಿನ ಅರ್ಥವನ್ನು ಶಾಶ್ವತವಾಗಿ ನಿರ್ಧರಿಸುವ ಸಾಕ್ಷಿಯಾಗಿ, ಗೊತ್ತುಪಡಿಸಿ ಸಂಗ್ರಹಾಲಯದಲ್ಲಿ ಉಳಿಸಬೇಕು, ಸಮೀಪದ ಪ್ರಭೇದಗಳೊಂದಿಗೆ ಹೋಲಿಸಬೇಕು, ವಿವರಣೆಯನ್ನು ಪ್ರಕಟಿಸಬೇಕು. ಆಮ್‌ಸ್ಟರ್‌ಡ್ಯಾಂನ ಐಸಾಕ್ ಇಸ್‌ಬ್ರೂಕರ್ ಮತ್ತು ಹಾನ್ ನಿಯ್ಸೆನ್ ಅವರಂತಹ ಕೆಲವೇ ತಜ್ಞರಿದ್ದ ಕಾಲದಲ್ಲಿ ಈ ಕೆಲಸಕ್ಕೆ ವರ್ಷಗಳೇ ಹಿಡಿಯುತ್ತಿದ್ದವು. ವ್ಯಾಪಾರವಾದರೋ ವಾರಗಳಲ್ಲಿ ನಡೆಯುತ್ತಿತ್ತು. ಆ ಅಂತರವನ್ನು ವ್ಯಾಪಾರಿಗಳು ತಮಗೆ ತೋಚಿದ ಹೆಸರುಗಳಿಂದ ತುಂಬಿದರು, ಒಂದೇ ಮೀನು ಊರಿಗೊಂದು ಹೆಸರಿನಲ್ಲಿ ಮಾರಾಟವಾಯಿತು.

ಜರ್ಮನಿಯ 'ಡಾಟ್ಸ್' ಎಂಬ ಸಂಕ್ಷಿಪ್ತ ನಾಮದ ಅಕ್ವೇರಿಯಂ ಮಾಸಪತ್ರಿಕೆಯು 1988ರ ಡಿಸೆಂಬರ್ ಸಂಚಿಕೆಯಲ್ಲಿ ಇದಕ್ಕೊಂದು ಉಪಾಯವನ್ನು ಮುಂದಿಟ್ಟಿತು. ಹೆಸರಿಲ್ಲದ ಮೀನಿನ ಛಾಯಾಚಿತ್ರ, ಅದು ದೊರೆತ ನದಿ ಅಥವಾ ಪ್ರದೇಶ, ಇವುಗಳೊಂದಿಗೆ ಕುಟುಂಬದ ಮೊದಲ ಅಕ್ಷರವಾದ 'ಎಲ್' ಸೇರಿಸಿದ ಒಂದು ಕ್ರಮಸಂಖ್ಯೆ. ಇಷ್ಟೇ ಅದರ ಸ್ವರೂಪ. ಈ ಸಂಖ್ಯೆಗೆ ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಯಾವ ಸ್ಥಾನವೂ ಇರಲಿಲ್ಲ, ಇರಲೆಂಬ ಹಂಬಲವೂ ಅದಕ್ಕಿರಲಿಲ್ಲ. ಈ ಮೀನು ಇಂಥದ್ದೆಂದು ತಿಳಿಯದು, ಆದರೆ ಮತ್ತೆ ಕಂಡರೆ ಇದೇ ಎಂದು ಹೇಳಲು ಸಾಧ್ಯ ಎಂಬುದಷ್ಟೇ ಅದರ ತಾತ್ಪರ್ಯವಾಗಿತ್ತು. ತಪ್ಪು ಹೆಸರಿಗಿಂತ ಇಂತಹ ಪ್ರಾಮಾಣಿಕ ಸಂಖ್ಯೆ ಮೇಲು ಎಂಬ ನಿಲುವಿನಲ್ಲಿ ವೈಜ್ಞಾನಿಕ ಮನೋಭಾವವೇ ಇದೆ. ಹವ್ಯಾಸಿಗಳ ಲೋಕ ವಿಜ್ಞಾನಕ್ಕೆ ಕೊಟ್ಟ ಒಳ್ಳೆಯ ಕಾಣಿಕೆಗಳಲ್ಲಿ ಇದನ್ನು ಎಣಿಸಬೇಕು. ಎಲ್1 ಎಂಬ ಮೊದಲ ಸಂಖ್ಯೆಯ ಮೀನಿಗೆ 1991ರಲ್ಲಿ ವೆಬರ್ ಎಂಬ ಮೀನುತಜ್ಞರು ಜೊಸೆಲಿಮಾಯಾನಸ್ ಎಂಬ ಪ್ರಭೇದನಾಮವನ್ನು ಕೊಟ್ಟರು. ಮುಂದೆ 'ದಸ್ ಅಕ್ವಾರಿಯುಂ' ಎಂಬ ಇನ್ನೊಂದು ಜರ್ಮನ್ ಪತ್ರಿಕೆ 'ಎಲ್‌ಡಿಎ' ಎಂಬ ತನ್ನದೇ ಸರಣಿಯನ್ನು ಆರಂಭಿಸಿತು. ಕೊರಿಡೊರಾಸ್ ಎಂಬ ಪುಟ್ಟ ಕ್ಯಾಟ್‌ಫಿಶ್‌ಗಳಿಗೆ 'ಸಿ' ಸಂಖ್ಯೆಗಳೂ ಆಮೇಲೆ 'ಸಿಡಬ್ಲ್ಯು' ಸಂಖ್ಯೆಗಳೂ ಬಂದವು.

ಪದ್ಧತಿಯ ದೌರ್ಬಲ್ಯಗಳು ಕಾಲಕ್ರಮದಲ್ಲಿ ಬಯಲಾದವು. ಕಪ್ಪು ಮೈಯ ಮೇಲೆ ಹಳದಿ ಚುಕ್ಕೆಗಳೂ ರೆಕ್ಕೆಗಳ ಅಂಚಿನಲ್ಲಿ ಹಳದಿ ಪಟ್ಟಿಯೂ ಇರುವ 'ಗೋಲ್ಡ್ ನಗೆಟ್' ಮೀನು ಚುಕ್ಕೆಗಳ ಗಾತ್ರ ಮತ್ತು ದೊರೆತ ತಾಣಗಳ ವ್ಯತ್ಯಾಸದಿಂದ ಎಲ್18, ಎಲ್85, ಎಲ್177 ಎಂದು ಹಲವು ಸಂಖ್ಯೆಗಳನ್ನು ಪಡೆದಿತ್ತು. 2011ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಇವೆಲ್ಲವೂ ಬ್ಯಾರಿಯಾನ್ಸಿಸ್ಟ್ರಸ್ ಕ್ಸಾಂಥೆಲಸ್ ಎಂಬ ಒಂದೇ ಪ್ರಭೇದ ಎಂದು ವಿವರಿಸಿದರು. ವೆನೆಜುವೆಲಾದ ಹಸಿರು ಮೀನು ಎಲ್200ರದು ಇದಕ್ಕೆ ತದ್ವಿರುದ್ಧವಾದ ಕಥೆ. ಒಂದೇ ಸಂಖ್ಯೆಯಡಿ ಬರುತ್ತಿದ್ದ ಮೀನುಗಳಲ್ಲಿ ಎರಡು ಪ್ರಭೇದಗಳು ಮಾತ್ರವಲ್ಲ, ಎರಡು ಕುಲಗಳೇ ಅಡಗಿದ್ದವೆಂದು 2005ರ ಅಧ್ಯಯನ ತೋರಿಸಿತು. ಬೆನ್ನಿನ ಈಜುರೆಕ್ಕೆಯ ಪೊರೆ ಹಿಂದಕ್ಕೆ ಚಾಚಿ, ಬಾಲದ ಬಳಿಯ ಚಿಕ್ಕ ಕೊಬ್ಬಿನ ರೆಕ್ಕೆಯನ್ನು ಮುಟ್ಟಿದರೆ ಅದು ಬ್ಯಾರಿಯಾನ್ಸಿಸ್ಟ್ರಸ್ ಡೆಮಾಂಟಾಯ್ಡಿಸ್, ಮುಟ್ಟದಿದ್ದರೆ ಹೆಮಿಯಾನ್ಸಿಸ್ಟ್ರಸ್ ಸಬ್‌ವಿರಿಡಿಸ್. ಬಣ್ಣವನ್ನಷ್ಟೇ ನೋಡಿ ಕೊಂಡವರಿಗೆ ಈ ಭೇದ ತಿಳಿಯುವಂತಿರಲಿಲ್ಲ.

ಬಣ್ಣದ ಮೋಸಕ್ಕೆ ಇನ್ನೂ ಆಳವಾದ ಉದಾಹರಣೆ ಕೊರಿಡೊರಾಸ್‌ಗಳಲ್ಲಿ ಸಿಗುತ್ತದೆ. ಒಂದೇ ತೊರೆಯಲ್ಲಿ ಒಂದೇ ಬಗೆಯ ಪಟ್ಟಿ, ಚುಕ್ಕೆಗಳನ್ನು ಧರಿಸಿ ಜೊತೆಯಾಗಿ ಓಡಾಡುವ ಮೀನುಗಳಲ್ಲಿ ಕೆಲವಕ್ಕೆ ಉದ್ದ ಮೂತಿ, ಕೆಲವಕ್ಕೆ ಮೊಂಡು ಮೂತಿ. ರೆಕ್ಕೆಯ ಚೂಪು ಮುಳ್ಳುಗಳಿಂದ ರಕ್ಷಿಸಿಕೊಳ್ಳುವ ಈ ಮೀನುಗಳು ಬೇರೆಬೇರೆ ವಂಶದವಾಗಿದ್ದೂ ಪರಸ್ಪರ ಅನುಕರಣೆಯಿಂದ, ಅಂದರೆ ಶತ್ರುಗಳಿಗೆ ಒಂದೇ ಎಚ್ಚರಿಕೆ ಕೊಡುವ ಸಲುವಾಗಿ, ಒಂದೇ ಬಣ್ಣಕ್ಕೆ ಒಗ್ಗಿವೆಯೆಂದು 2011ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ನಿರೂಪಿಸಿತು. ಮೂತಿಯ ಆಕಾರ ವಂಶವನ್ನು ಸೂಚಿಸುತ್ತದೆ, ಬಣ್ಣ ನೆರೆಹೊರೆಯನ್ನು ಸೂಚಿಸುತ್ತದೆ. 2024ರಲ್ಲಿ ವರ್ಗೀಕರಣಕಾರರು ಈ ದೊಡ್ಡ ಕುಲವನ್ನು ಒಡೆದು ಹೊಪ್ಲಿಸೋಮ, ಗ್ಯಾಸ್ಟ್ರೊಡರ್ಮಸ್, ಆಸ್ಟಿಯೊಗ್ಯಾಸ್ಟರ್ ಮೊದಲಾದ ಹಳೆಯ ಕುಲನಾಮಗಳನ್ನು ಮತ್ತೆ ಬಳಕೆಗೆ ತಂದರು.

ಸಂಖ್ಯೆಯ ಬೆಲೆ ಎಷ್ಟಿದ್ದರೂ ಅದು ನದಿಯ ಹೆಸರಿನೊಂದಿಗೆ ಉಳಿದಿರುವ ತನಕ ಮಾತ್ರ. ಶಿಂಗುವಿನ ಹೈಪಾನ್ಸಿಸ್ಟ್ರಸ್ ಕುಲದ ಮೀನುಗಳು ತೊಟ್ಟಿಯಲ್ಲಿ ಸುಲಭವಾಗಿ ಒಂದರೊಡನೊಂದು ಕೂಡುತ್ತವೆ. ಎಲ್66, ಎಲ್333 ಮುಂತಾದ ಸಂಖ್ಯೆಗಳ ಮೀನುಗಳನ್ನು ಬೆರೆಸಿ ಪಡೆದ ಮರಿಗಳಲ್ಲಿ ಪಟ್ಟೆಗಳು ಎಷ್ಟು ಚೆಂದವಾಗಿದ್ದರೂ ಅವುಗಳ ಮೂಲವನ್ನು ಯಾವ ತಜ್ಞನೂ ಕಣ್ಣಳತೆಯಿಂದ ಹೇಳಲಾರನು. ಮೂಲ ತಿಳಿಯದ ಮೀನು ಸಂರಕ್ಷಣೆಯ ಕೆಲಸಕ್ಕೆ ಬಾರದು ಎಂಬುದು ಇಲ್ಲಿ ನಿಷ್ಠುರವಾದರೂ ಒಪ್ಪಲೇಬೇಕಾದ ಮಾತು. ಏಕೆಂದರೆ ಮೂಲ ನೆಲೆಯೇ ಈಗ ಅಪಾಯದಲ್ಲಿದೆ. ಕಪ್ಪುಬಿಳುಪು ಪಟ್ಟೆಗಳ ಎಲ್46, ಇಸ್‌ಬ್ರೂಕರ್ ಮತ್ತು ನಿಯ್ಸೆನ್ 1991ರಲ್ಲಿ ಹೈಪಾನ್ಸಿಸ್ಟ್ರಸ್ ಜೀಬ್ರಾ ಎಂದು ಹೆಸರಿಸಿದ ಮೀನು, ಶಿಂಗುವಿನ 'ವೋಲ್ತಾ ಗ್ರಾಂಜಿ' ಎಂಬ ದೊಡ್ಡ ತಿರುವಿನ ಸುತ್ತಮುತ್ತ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬದುಕಿಲ್ಲ. 2016ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಬೆಲೊ ಮೊಂಟೆ ಅಣೆಕಟ್ಟು ಆ ತಿರುವಿನ ನೀರನ್ನೇ ಬೇರೆ ದಾರಿಗೆ ತಿರುಗಿಸಿದೆ. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲಿ ಬ್ರೆಜಿಲ್ ಈ ಮೀನನ್ನು 2017ರಲ್ಲಿ ಮೂರನೆಯ ಅನುಬಂಧಕ್ಕೆ ಸೇರಿಸಿತು. 2022ರಲ್ಲಿ ಪನಾಮದಲ್ಲಿ ನಡೆದ ಸದಸ್ಯ ರಾಷ್ಟ್ರಗಳ ಸಮಾವೇಶ ಅದನ್ನು ಎರಡನೆಯ ಅನುಬಂಧಕ್ಕೆ ಏರಿಸಿತು. ಹವ್ಯಾಸಿಗಳು ಇಂದಿಗೂ ಎಲ್46 ಎಂದೇ ಕರೆಯುವ ಈ ಮೀನು ಆ ಪಟ್ಟಿಯಲ್ಲಿರುವುದು 1991ರ ಶಾಸ್ತ್ರೀಯ ಹೆಸರಿನಿಂದ.