ದೇವರಾಜ ಮೊಹಲ್ಲಾದ ವಿದ್ಯುದ್ದೀಪ ಮತ್ತು ಅಮೆರಿಕದ ಕೈಗಾರಿಕಾ ಯುಗ

ಮೈಸೂರಿನ ದೇವರಾಜ ಮೊಹಲ್ಲಾದ ವ್ಯಾಪಾರ ಜೀವನವು ದೇವರಾಜ ಮಾರುಕಟ್ಟೆ, ಸಯ್ಯಾಜಿರಾವ್ ರಸ್ತೆಗಳ ಸುತ್ತ ಬೆಳೆದುದು. ಈ ಬೀದಿಗಳ ವಿದ್ಯುದ್ದೀಪದ ಮೂಲವನ್ನು ಅರಸಹೊರಟರೆ ಅದು ಅಮೆರಿಕದ ಕೈಗಾರಿಕಾ ಚರಿತ್ರೆಯವರೆಗೆ ಒಯ್ಯುತ್ತದೆ.

ಅಂತರ್ಯುದ್ಧದ (1861–65) ತರುವಾಯ ಅಮೆರಿಕದ ರೈಲು, ಉಕ್ಕು, ತೈಲೋದ್ಯಮಗಳು ಕೆಲವೇ ಬಂಡವಾಳಗಾರರ ಹಿಡಿತಕ್ಕೆ ಬಂದವು. 1892ರಲ್ಲಿ ಎಡಿಸನ್ ಹಾಗೂ ಥಾಮ್ಸನ್-ಹ್ಯೂಸ್ಟನ್ ಕಂಪನಿಗಳ ವಿಲೀನದಿಂದ ಜನರಲ್ ಎಲೆಕ್ಟ್ರಿಕ್ ರೂಪುಗೊಂಡಿತು. 1896ರಲ್ಲಿ ನಯಾಗರದ ವಿದ್ಯುತ್ತು ಸುಮಾರು 42 ಕಿ.ಮೀ. ದೂರದ ಬಫೆಲೊ ನಗರವನ್ನು ತಲಪಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರ ಯೋಜನೆಗೆ ವಿದ್ಯುತ್ ಯಂತ್ರಗಳನ್ನು ಒದಗಿಸಿದುದು ಇದೇ ಜನರಲ್ ಎಲೆಕ್ಟ್ರಿಕ್. 1902ರಲ್ಲಿ ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು.

ಇಲ್ಲಿ ಗಮನಾರ್ಹವಾದುದು ಆದ್ಯತೆಯ ಕ್ರಮ. ಕಾವೇರಿಯ ಶಕ್ತಿ ಮೊದಲು ಸಂದುದು ಬ್ರಿಟಿಷ್ ಬಂಡವಾಳದ ಗಣಿಗಳಿಗೆ. ಬೆಂಗಳೂರಿಗೆ 1905ರಲ್ಲಿ, ಅರಮನೆಯ ಊರಾದ ಮೈಸೂರಿಗೆ 1908ರಲ್ಲಿ. ಅಮೆರಿಕದಲ್ಲಿ ಖಾಸಗಿ ಬಂಡವಾಳ ಮಾಡಿದ ಕೆಲಸವನ್ನು ಇಲ್ಲಿ ಸಂಸ್ಥಾನವೇ ಕೈಗೊಂಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–18) ಸ್ಥಾಪನೆಗೊಂಡ ಮೈಸೂರು ಬ್ಯಾಂಕ್, ಶ್ರೀಗಂಧದೆಣ್ಣೆ ಕಾರ್ಖಾನೆಗಳು ಇದೇ ನೀತಿಯ ಮುಂದುವರಿಕೆ.

ದುಡಿಯುವವರ ಅಸಮಾಧಾನ ಮಾತ್ರ ಎರಡೂ ಕಡೆ ತಲೆದೋರಿತು. ಅಮೆರಿಕದಲ್ಲಿ 1894ರ ಪುಲ್‌ಮನ್ ಮುಷ್ಕರ ರೈಲು ಸಂಚಾರವನ್ನು ಸ್ತಬ್ಧಗೊಳಿಸಿತು. 1930ರಲ್ಲಿ ಕೋಲಾರದ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಆದುದರಿಂದ ಮೊಹಲ್ಲಾದ ದೀಪದ ಚರಿತ್ರೆಯನ್ನು ಬರೆಯುವಾಗ ದಿವಾನರು, ಎಂಜಿನಿಯರುಗಳ ಜೊತೆಗೆ, ಆ ವಿದ್ಯುತ್ತಿನ ಮೊದಲ ಪಾಲು ಸಂದ ಗಣಿಯಾಳದಲ್ಲಿ ದುಡಿದವರಿಗೂ ಸ್ಥಾನ ಸಲ್ಲಬೇಕು.