ವೇಣುಗ್ರಾಮದ ಪರದೇಶಿ ವರ್ತಕರು

ಬೆಳಗಾವಿಯ ಪ್ರಾಚೀನ ನಾಮ ವೇಣುಗ್ರಾಮ. ರಟ್ಟರ ನಾಲ್ವಡಿ ಕಾರ್ತವೀರ್ಯನ ರಾಜಧಾನಿಯಾಗಿದ್ದ ಈ ಪಟ್ಟಣವು ದೂರದೇಶಗಳ ವರ್ತಕರು ಬಂದು ಸೇರುವ ಪೇಟೆಯೂ ಆಗಿತ್ತು. ಅರಸನ ಸಚಿವ ಬೀಚಣನು ಇಲ್ಲಿ ರಟ್ಟ ಜಿನಾಲಯವನ್ನು ಕಟ್ಟಿಸಿದನು. ಅದಕ್ಕೆ 1204ರಲ್ಲಿ ಸಂದ ದತ್ತಿಗಳನ್ನು ತಿಳಿಸುವ ಶಾಸನವು ಈಗ ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ.

ಅರಸನು ಭೂಮಿಯನ್ನು ಕೊಟ್ಟನು. ವರ್ತಕರು ತಮ್ಮ ಸರಕುಗಳ ಮೇಲಿನ ಆಯವನ್ನು ಬಿಟ್ಟುಕೊಟ್ಟರು. ಈ ದಾತೃಗಳಲ್ಲಿ ಕೂಂಡಿ ಮೂರು ಸಾವಿರ ನಾಡಿನ ಮುಮ್ಮುರಿದಂಡರೊಂದಿಗೆ ಲಾಳದ, ಅಂದರೆ ಗುಜರಾತಿನ ಕಡೆಯ, ವ್ಯಾಪಾರಿಗಳೂ ಮಲೆಯಾಳದವರೂ ಇದ್ದರೆಂಬುದು ಗಮನಾರ್ಹ. ನುಡಿ ಬೇರೆ, ನಾಡು ದೂರ. ಆದರೂ ಊರಿನವರ ಸಾಲಿನಲ್ಲಿಯೇ ಅವರಿಗೂ ಸ್ಥಾನ ದೊರೆಯಿತು.

ಪರಸ್ಥಳದಲ್ಲಿ ವರ್ತಕನಿಗೆ ಬಂಡವಾಳಕ್ಕಿಂತ ಮೊದಲು ಬೇಕಾದುದು ನಂಬಿಕೆ. ಸರಕಿನ ಮೇಲೆ ಆಯ ಒಪ್ಪಿಕೊಂಡವನು ತನ್ನ ಹೇರನ್ನು ನಾಲ್ವರ ಮುಂದೆ ಬಿಚ್ಚಬೇಕು, ಲೆಕ್ಕ ಒಪ್ಪಿಸಬೇಕು. ಊರಿನ ಭಾರದಲ್ಲಿ ಪಾಲು ಹೊತ್ತವನು ಬಹುಕಾಲ ಪರಕೀಯನಾಗಿ ಉಳಿಯುವುದಿಲ್ಲ.

ಹಾಗಾದರೆ ಅದು ದಾನವೋ, ವ್ಯವಹಾರವೋ? ದಾತೃವಿನ ಅಂತರಂಗವನ್ನು ಶಿಲೆ ಹೇಳಲಾರದು. ಆದರೆ ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಅತಿಚಾರವೆಂದು ಎಣಿಸಿದೆ. ತಕ್ಕಡಿಯಲ್ಲಿ ಕದ್ದು ಬಸದಿಗೆ ಕೊಟ್ಟರೆ ಅದು ದಾನವೆನಿಸದು. ತಕ್ಕಡಿ ನೇರವಾಗಿದ್ದರೆ, ಕೊಡುಗೆಯಿಂದ ಬಂದ ಪರಿಚಯವೂ ಶುದ್ಧವೇ.

ಇಂದು ರಾಮತೀರ್ಥ ನಗರದಂತಹ ಹೊಸ ಬಡಾವಣೆಯಲ್ಲಿ ಅಂಗಡಿ ತೆರೆಯುವವನಿಗೂ ಈ ಮಾತು ಸಲ್ಲುತ್ತದೆ. ಪರಿಚಯವನ್ನು ಬೇಡಿ ಪಡೆಯಲಾಗದು. ನೆರೆಯವರ ಕಾರ್ಯಕ್ಕೆ ಹೆಗಲು ಕೊಟ್ಟು, ಲೆಕ್ಕವನ್ನು ನೇರವಾಗಿಟ್ಟು ಗಳಿಸಬೇಕು.