ಉಪಾಧ್ಯಾಯರೂ ನೂತನ ಬೋಧನೋಪಕರಣಗಳೂ

ಬೋಧನೆಗೆ ಹೊಸ ಉಪಕರಣವೊಂದು ಒದಗಿದಾಗ ಉಪಾಧ್ಯಾಯವರ್ಗವು ಅದನ್ನು ಶಂಕಿಸುವುದು ಇಂದು ನಿನ್ನೆಯ ಮಾತಲ್ಲ. ಪಾಣಿನೀಯ ಶಿಕ್ಷೆಯು ಆರು ಬಗೆಯ ಅಧಮ ಪಾಠಕರನ್ನು ಎಣಿಸುವಾಗ, ಅರ್ಥವರಿಯದೆ ಪಠಿಸುವವನೊಡನೆ ಬರೆದುದನ್ನು ನೋಡಿ ಪಠಿಸುವವನನ್ನೂ ಸೇರಿಸಿದೆ. ಎಂದರೆ, ಒಂದು ಕಾಲಕ್ಕೆ ಲಿಖಿತ ಗ್ರಂಥವೇ ಸಂದೇಹಾಸ್ಪದವಾದ ಉಪಕರಣವಾಗಿದ್ದಿತು. ಇದನ್ನು ಕೇವಲ ಮೌಢ್ಯವೆಂದು ತಳ್ಳಿಬಿಡಲಾಗದು. ವೇದದ ಸ್ವರಗಳನ್ನು ಗುರುಮುಖದಿಂದ ಕೇಳಿ, ತಿದ್ದಿಸಿಕೊಂಡು ಕಲಿಯಬೇಕು. ಓಲೆಯು ಶಿಷ್ಯನ ತಪ್ಪನ್ನು ತಿದ್ದಲಾರದು. ಕಾಲಕ್ರಮದಲ್ಲಿ ಗ್ರಂಥವು ಪಾಠಶಾಲೆಯನ್ನು ಹೊಕ್ಕಿತು. ಆದರೆ ಗುರುವಿನ ಕೈಯ ಸಾಧನವಾಗಿಯೇ ಹೊಕ್ಕಿತು.

ನಮ್ಮ ಕಾಲದ ಯಂತ್ರಗಳ ಚರಿತ್ರೆಯೂ ಇದನ್ನೇ ಸೂಚಿಸುವಂತಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ದೂರದರ್ಶನ ಪಾಠಗಳು ಪ್ರಸಾರವಾದುವು. ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇವುಗಳಲ್ಲಿ ಸೇರಿದ್ದುವು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹವು ಗಗನಕ್ಕೇರಿತು. ಈ ಉದ್ಯಮಗಳು ಶ್ಲಾಘ್ಯವಾದುವೇ ಸರಿ. ಆದರೆ ದೂರದಿಂದ ನಿಯತಕಾಲಕ್ಕೆ ಬರುವ ಪಾಠವನ್ನು ಉಪಾಧ್ಯಾಯನು ನಡುವೆ ನಿಲ್ಲಿಸುವಂತಿರಲಿಲ್ಲ. ಮಂದಮತಿಯಾದ ಬಾಲಕನಿಗಾಗಿ ಮತ್ತೊಮ್ಮೆ ಹೇಳಿಸುವಂತೆಯೂ ಇರಲಿಲ್ಲ. ತನ್ನ ತರಗತಿಯಲ್ಲಿಯೇ ಅವನು ಪ್ರೇಕ್ಷಕನಾದನು.

ಮೊಬೈಲ್ ಆ್ಯಪ್‌ಗಳು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದುವು. 2017ರಲ್ಲಿ ಭಾರತ ಸರ್ಕಾರವು ಆರಂಭಿಸಿದ ‘ದೀಕ್ಷಾ’ದಲ್ಲಿ, ಪಠ್ಯಪುಸ್ತಕದಲ್ಲಿ ಮುದ್ರಿತವಾದ ಸಂಕೇತವನ್ನು ಮೊಬೈಲಿಗೆ ತೋರಿದೊಡನೆ ಸಂಬಂಧಪಟ್ಟ ಪಾಠವು ತೆರೆದುಕೊಳ್ಳುತ್ತದೆ, ಬೇಕಾದಾಗ ನಿಲ್ಲಿಸಬಹುದು, ಮರಳಿ ತೋರಿಸಬಹುದು. ಗಣಕಯಂತ್ರದ ಸಾಧನಗಳನ್ನು ಜನರು ಏಕೆ ಅಂಗೀಕರಿಸುವರೆಂಬುದನ್ನು ವಿಚಾರಿಸಿ 1989ರಲ್ಲಿ ಫ್ರೆಡ್ ಡೇವಿಸ್ ಎಂಬ ಅಮೆರಿಕದ ವಿದ್ವಾಂಸನು ಎರಡು ಕಾರಣಗಳನ್ನು ಮುಂದಿಟ್ಟನು: ತನ್ನ ಕೆಲಸಕ್ಕೆ ಪ್ರಯೋಜನವಾದೀತೆಂಬ ನಂಬಿಕೆ, ಪ್ರಯಾಸವಿಲ್ಲದೆ ಬಳಸಬಹುದೆಂಬ ನಂಬಿಕೆ. ಉಪಾಧ್ಯಾಯರ ವಿಷಯದಲ್ಲಿಯೂ ಸಂಶೋಧಕರು ತರುವಾಯ ಇದೇ ಅಳತೆಗೋಲನ್ನು ಹಿಡಿದರು.

ಆದರೆ 2020ರ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ, ನಂಬಿಕೆಯು ಹುಟ್ಟುವ ಮೊದಲೇ ಅನಿವಾರ್ಯತೆಯು ಬಂದೊದಗಿತು. ಆ ಆಗಸ್ಟಿನಲ್ಲಿ ಕರ್ನಾಟಕದಲ್ಲಿ ಆರಂಭವಾದ ‘ವಿದ್ಯಾಗಮ’ವು ಮಕ್ಕಳನ್ನು ಮೊಬೈಲ್ ಇಲ್ಲದವರು, ಅಂತರ್ಜಾಲವಿಲ್ಲದ ಮೊಬೈಲುಳ್ಳವರು, ಎರಡೂ ಉಳ್ಳವರು ಎಂದು ಮೂರಾಗಿ ವಿಂಗಡಿಸಬೇಕಾಯಿತು. ಮೊಬೈಲಿಲ್ಲದ ಮಗುವಿನ ಬಳಿಗೆ ಉಪಾಧ್ಯಾಯನೇ ನಡೆದುಹೋಗಿ, ಗುಡಿಯ ಜಗಲಿಯಲ್ಲಿಯೋ ಮರದ ನೆಳಲಿನಲ್ಲಿಯೋ ಪಾಠ ಹೇಳಿದನು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದೂ ಕೆಲಕಾಲ ನಿಂತಿತು.

ಆದಕಾರಣ ಉಪಾಧ್ಯಾಯನು ಹೊಸತನ್ನು ಒಪ್ಪನೆಂದು ಆಕ್ಷೇಪಿಸುವವರು, ಆ ಉಪಕರಣವು ಅವನ ಕೈಯಲ್ಲಿದೆಯೇ ಅಥವಾ ಅವನೇ ಅದರ ಕೈಯಲ್ಲಿರುವನೇ ಎಂಬುದನ್ನು ಮೊದಲು ವಿಚಾರಿಸಬೇಕು. ಆಜ್ಞೆಯಿಂದ ಆ್ಯಪನ್ನು ಮೊಬೈಲಿನಲ್ಲಿ ಇರಿಸಬಹುದು, ಪಾಠದಲ್ಲಿ ಇರಿಸಲಾಗದು. ಓಲೆಯನ್ನು ಅರಗಿಸಿಕೊಂಡ ಪರಂಪರೆಯು ಇದನ್ನೂ ಅರಗಿಸಿಕೊಳ್ಳಬಲ್ಲುದು; ತಪ್ಪನ್ನು ಕಂಡು ತಿದ್ದುವ ಕಣ್ಣು ಮಾತ್ರ ಗುರುವಿನದೇ ಆಗಿರಬೇಕು.